ಕಿರುಚಿದ ಹುಡುಗನ ತಕರಾರು

ಕೇಳುಗರಿಗೆ ನಮಸ್ಕಾರ.

ಹಾರರ್ ಸಿನಿಮಾದಲ್ಲಿ ಕಿರುಚುವ ಕೆಲಸ ಹುಡುಗಿಯರದು. ಆ ಬಗೆಯ ಸಿನಿಮಾ ತಾನೇ ಮಾಡಿಕೊಂಡ ಕಟ್ಟಳೆ ಇದು. ಗಂಡಸರು ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿಯುತ್ತಾರೆ, ಸಾಯುತ್ತಾರೆ. ಹುಡುಗಿ ಕಿರುಚುತ್ತಾಳೆ, ಓಡುತ್ತಾಳೆ, ಎಡವುತ್ತಾಳೆ, ಕಡೆಗೆ ಹೇಗೋ ಬದುಕಿಕೊಳ್ಳುತ್ತಾಳೆ. ಚೆನ್ನಾಗಿ ಕಿರುಚುವ ನಟಿಯರಿಗೆ ಹಾಲಿವುಡ್ಡಿನಲ್ಲಿ ‘ಸ್ಕ್ರೀಮ್ ಕ್ವೀನ್’ ಅಂತ ಬಿರುದು ಬೇರೆ. 1985ರಲ್ಲಿ ಆ ಜಾಗಕ್ಕೆ ಒಬ್ಬ ತರುಣ ಬಂದರು. ಹೆಸರು ಮಾರ್ಕ್ ಪ್ಯಾಟನ್. ಚಿತ್ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯ ಎರಡನೆಯ ಭಾಗ, ‘ಫ್ರೆಡ್ಡೀಸ್ ರಿವೆಂಜ್’. ಚಿತ್ರ ಗೆದ್ದಿತು. ಅದರ ನಾಯಕ ಮನೆ ಸೇರಿದರು.

ಚಿತ್ರ ಗೆದ್ದರೂ ನಾಯಕ ಯಾಕೆ ಮನೆ ಸೇರಬೇಕಾಯಿತು? ‘ಸ್ಕ್ರೀಮ್, ಕ್ವೀನ್! ಮೈ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಎಂಬ ಸಾಕ್ಷ್ಯಚಿತ್ರ ಕೇಳುವುದು ಇದನ್ನೇ. ನಿರ್ದೇಶಕರು ಇಬ್ಬರು, ರೋಮನ್ ಚಿಮಿಯೆಂಟಿ ಮತ್ತು ಟೈಲರ್ ಜೆನ್ಸನ್. 2019ರಲ್ಲಿ ಚಿತ್ರೋತ್ಸವಗಳನ್ನು ಸುತ್ತಿ, 2020ರಲ್ಲಿ ಜನ ಮನೆಯಲ್ಲೇ ಕೂತು ನೋಡುವಂತೆ ಅದು ಬಿಡುಗಡೆಯಾಯಿತು. ಇಡೀ ಜಗತ್ತು ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ. ಬೇರೆ ಸಿನಿಮಾಗಳಿಗೆ ಅದು ನಷ್ಟದ ಮಾತು. ಇದಕ್ಕೆ ಮಾತ್ರ ಮನೆಯೇ ಸರಿಯಾದ ಜಾಗ ಎಂದು ನನಗೆ ಅನಿಸುತ್ತದೆ. ಯಾಕೆ ಎನ್ನುವುದಕ್ಕೆ ಮೊದಲು ಆ ಹಳೆಯ ಸಿನಿಮಾದ ಕಥೆ ಸ್ವಲ್ಪ ಕೇಳಿ.

ಫ್ರೆಡ್ಡಿ ಕ್ರೂಗರ್ ಎಂಬ ಕೊಲೆಗಾರ. ಸುಟ್ಟ ಮುಖ, ಕೆಂಪು ಹಸಿರು ಪಟ್ಟೆಯ ಸ್ವೆಟರ್, ಕೈಗವಸಿನ ಬೆರಳುಗಳಿಗೆ ಚೂರಿ. ಬರುವುದು ಕನಸಿನಲ್ಲಿ, ಕೊಲ್ಲುವುದು ನಿಜದಲ್ಲಿ. 1984ರಲ್ಲಿ ವೆಸ್ ಕ್ರೇವನ್ ಮಾಡಿದ ಮೊದಲ ಭಾಗದಲ್ಲಿ ಅವನನ್ನು ಎದುರಿಸಿದವಳು ನ್ಯಾನ್ಸಿ ಎಂಬ ಹುಡುಗಿ. ಎರಡನೆಯ ಭಾಗಕ್ಕೆ ಕ್ರೇವನ್ ಇರಲಿಲ್ಲ. ಬರೆದವರು ಡೇವಿಡ್ ಚಾಸ್ಕಿನ್, ನಿರ್ದೇಶಿಸಿದವರು ಜ್ಯಾಕ್ ಶೋಲ್ಡರ್. ಈ ಸಲ ನ್ಯಾನ್ಸಿ ಇದ್ದ ಅದೇ ಮನೆಗೆ ಜೆಸ್ಸಿ ಎಂಬ ಹುಡುಗನ ಸಂಸಾರ ಬರುತ್ತದೆ. ಫ್ರೆಡ್ಡಿಗೆ ಈಗ ಕನಸು ಸಾಲದು, ಜೆಸ್ಸಿಯ ಮೈಯೇ ಬೇಕು. ಒಳಗೆ ಹೊಕ್ಕು, ಅವನ ಕೈಯಿಂದಲೇ ಕೊಲ್ಲಿಸಬೇಕು. ನಮ್ಮ ಕಡೆ ಇದಕ್ಕೆ ಮೈಮೇಲೆ ಬರುವುದು ಅನ್ನುತ್ತೇವೆ.

ಇಷ್ಟಕ್ಕೆ ನಿಂತಿದ್ದರೆ ಇದೂ ಹತ್ತರ ಜೊತೆ ಹನ್ನೊಂದನೆಯ ದೆವ್ವದ ಸಿನಿಮಾ. ಆದರೆ ನೋಡಿ, ಜೆಸ್ಸಿ ನಡುರಾತ್ರಿ ಎದ್ದು ಮಳೆಯಲ್ಲಿ ನೆನೆಯುತ್ತ ಗಂಡಸರು ಗಂಡಸರನ್ನೇ ಹುಡುಕಿಕೊಂಡು ಬರುವ ಬಾರಿಗೆ ಹೋಗುತ್ತಾನೆ. ಅಲ್ಲಿ ಚರ್ಮದ ಅಂಗಿ ತೊಟ್ಟು ನಿಂತಿರುವವರು ಅವನ ಶಾಲೆಯ ಪಿ.ಟಿ. ಮೇಷ್ಟ್ರು. ಆ ಮೇಷ್ಟ್ರು ಸಾಯುವುದು ಶಾಲೆಯ ಸ್ನಾನದ ಕೋಣೆಯಲ್ಲಿ, ಕಟ್ಟಿಹಾಕಿಸಿಕೊಂಡು, ಒದ್ದೆ ಟವೆಲ್ಲುಗಳ ಏಟು ತಿಂದು. ಪ್ರೀತಿಸುವ ಹುಡುಗಿ ಲೀಸಾ ಮುತ್ತಿಡಲು ಬಂದಾಗ ಜೆಸ್ಸಿ ದಿಗಿಲುಬಿದ್ದು ಓಡಿಹೋಗುತ್ತಾನೆ. ಓಡಿ ಸೇರುವುದು ಗೆಳೆಯ ಗ್ರೇಡಿಯ ಮಲಗುವ ಕೋಣೆಯನ್ನು. ನನ್ನೊಳಗೆ ಒಬ್ಬ ಇದ್ದಾನೆ, ಇವತ್ತು ರಾತ್ರಿ ನಿನ್ನ ಕೋಣೆಯಲ್ಲಿ ಇರಗೊಡು ಎಂದು ಅಂಗಲಾಚುತ್ತಾನೆ. ನಡುವೆ ಒಂದು ಕುಣಿತವೂ ಉಂಟು. ಸಾಮಾನು ಜೋಡಿಸಬೇಕಾದ ಜೆಸ್ಸಿ ಬಾಗಿಲು ಮುಚ್ಚಿಕೊಂಡು, ಕಪ್ಪು ಕನ್ನಡಕ ಹಾಕಿ, ಹಾಡು ಹಚ್ಚಿ, ಸೊಂಟದಿಂದ ಡ್ರಾಯರ್ ತಳ್ಳುತ್ತ ಕುಣಿಯುತ್ತಾನೆ. ಅಷ್ಟರಲ್ಲಿ ಅಮ್ಮ ಲೀಸಾಳನ್ನು ಕರೆದುಕೊಂಡು ಬಂದು ಬಾಗಿಲು ತೆರೆಯುತ್ತಾಳೆ. ಆ ಕ್ಷಣದ ನಾಚಿಕೆ ಇದೆಯಲ್ಲ, ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಫ್ರೆಡ್ಡಿಯಲ್ಲ.

ಸಿನಿಮಾ ತೆರೆಕಂಡದ್ದು 1985ರ ನವೆಂಬರ್ 1ರಂದು. ಈ ತಾರೀಖು ಗಮನಿಸಿ. ಅದಕ್ಕೆ ಸರಿಯಾಗಿ ಮೂವತ್ತು ದಿನ ಮೊದಲು, ಅಕ್ಟೋಬರ್ 2ರಂದು, ಹಾಲಿವುಡ್ಡಿನ ಸುರಸುಂದರಾಂಗ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡಿದ್ದರು. ಅಮೆರಿಕದ ಜನ ಏಡ್ಸ್ ಎಂಬ ಹೆಸರನ್ನು ಊಟದ ಮೇಜಿನಲ್ಲಿ ಆಡಲು ಶುರುಮಾಡಿದ್ದು ಆಗ. ಸಲಿಂಗಪ್ರೇಮಿ ಗಂಡಸು ಎಂದರೆ ರೋಗ ಹೊತ್ತು ತಿರುಗುವವನು ಎಂಬ ಭಯ ಊರೂರಿಗೆ ಹಬ್ಬಿತ್ತು. ನಟರಾಗಿದ್ದವರಂತೂ ಉಸಿರು ಬಿಗಿಹಿಡಿದು ಬದುಕುತ್ತಿದ್ದರು. ಪ್ಯಾಟನ್ ಸಲಿಂಗಪ್ರೇಮಿ, ಆದರೆ ಅದನ್ನು ಹೊರಗೆ ಹೇಳಿರಲಿಲ್ಲ. ಅಂಥ ತಿಂಗಳಲ್ಲಿ, ಮೈಯೊಳಗೆ ಸೇರಿಕೊಂಡ ಏನೋ ಒಂದನ್ನು ಬಚ್ಚಿಡಲು ಹೆಣಗುವ ಹುಡುಗನ ಪಾತ್ರದಲ್ಲಿ ಅವರು ದೇಶದ ತೆರೆಗಳ ಮೇಲೆಲ್ಲ ಕಾಣಿಸಿಕೊಂಡರು.

ಚಿತ್ರ ಅಮೆರಿಕದಲ್ಲೇ ಸುಮಾರು 3 ಕೋಟಿ ಡಾಲರ್ ಗಳಿಸಿತು, ಮೊದಲ ಭಾಗಕ್ಕಿಂತ ಹೆಚ್ಚು. ಶೋಲ್ಡರ್ 1987ರಲ್ಲಿ ‘ದಿ ಹಿಡನ್’ ಎಂಬ ಒಳ್ಳೆಯ ಚಿತ್ರ ಮಾಡಿದರು. ಚಾಸ್ಕಿನ್ ಬರೆದ ಇನ್ನೊಂದು ಚಿತ್ರವೂ ಅದೇ ವರ್ಷ ಬಂತು. ಫ್ರೆಡ್ಡಿಯ ಮೂರನೆಯ ಭಾಗ ಬಂದದ್ದೂ ಆ ವರ್ಷವೇ, ಜೆಸ್ಸಿ ಎಂಬವನೊಬ್ಬ ಇದ್ದ ಎಂಬುದನ್ನೇ ಮರೆತು. ಎಲ್ಲರ ಗಾಡಿಯೂ ಮುಂದೆ ಹೋಯಿತು, ಇಳಿದವರು ಪ್ಯಾಟನ್ ಒಬ್ಬರೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಹಾರರ್ ಸಿನಿಮಾಕ್ಕೂ ಸಲಿಂಗಪ್ರೇಮಿಗಳಿಗೂ ನಂಟು ಬೆಳೆದದ್ದು 1985ರಲ್ಲಲ್ಲ. 1931ರಲ್ಲಿ ‘ಫ್ರಾಂಕೆನ್‌ಸ್ಟೈನ್’, 1935ರಲ್ಲಿ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಮಾಡಿದ ಜೇಮ್ಸ್ ವೇಲ್ ತಾವು ಸಲಿಂಗಪ್ರೇಮಿ ಎಂಬುದನ್ನು ಆ ಕಾಲದಲ್ಲೇ ಅಷ್ಟಾಗಿ ಮುಚ್ಚಿಟ್ಟವರಲ್ಲ. ಅವರ ರಾಕ್ಷಸ ಯಾರನ್ನೂ ಕೊಲ್ಲಲು ಹೊರಟವನಲ್ಲ, ಒಬ್ಬ ಗೆಳೆಯ ಸಿಕ್ಕರೆ ಸಾಕು ಅನ್ನುವವನು. ಕಾಡಿನ ಗುಡಿಸಲಿನಲ್ಲಿ ಕುರುಡ ಮುದುಕ ಅವನನ್ನು ಕೂರಿಸಿ ಉಣಬಡಿಸುವ ದೃಶ್ಯ ನೋಡಿ. ಕಣ್ಣಿದ್ದವರು ಬಂದು ಅದನ್ನು ಹಾಳುಮಾಡುತ್ತಾರೆ. 1934ರಿಂದ ಹಾಲಿವುಡ್ಡಿನಲ್ಲಿ ಹೇಸ್ ಸಂಹಿತೆ ಎಂಬ ಸೆನ್ಸಾರ್ ಕಟ್ಟಳೆ ಬಿಗಿಯಾಗಿ ಜಾರಿಗೆ ಬಂತು, ಸಲಿಂಗಪ್ರೇಮವನ್ನು ತೆರೆಯ ಮೇಲೆ ತೋರಿಸುವಂತೆಯೇ ಇರಲಿಲ್ಲ. ಆದರೆ ರಕ್ತಪಿಶಾಚಿಯನ್ನು ತೋರಿಸಬಹುದಿತ್ತಲ್ಲ! 1936ರ ‘ಡ್ರಾಕುಲಾಸ್ ಡಾಟರ್’ ಚಿತ್ರದಲ್ಲಿ ರಕ್ತಪಿಶಾಚಿಯಾದ ಕುಲೀನ ಮನೆತನದ ಹೆಣ್ಣೊಬ್ಬಳು ಬಡ ಹುಡುಗಿಯನ್ನು ಚಿತ್ರ ಬರೆಯುವ ನೆಪದಲ್ಲಿ ಕರೆಸಿ, ದಿಟ್ಟಿಸಿ ನೋಡುತ್ತಾಳೆ. ಏನು ನಡೆಯುತ್ತಿದೆ ಎಂದು ತಿಳಿಯಬೇಕಾದವರಿಗೆ ತಿಳಿಯುತ್ತಿತ್ತು, ಸೆನ್ಸಾರಿನವರಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಹೀಗೆ ರಾಕ್ಷಸರ ವೇಷದಲ್ಲೇ ತಮ್ಮವರನ್ನು ಗುರುತು ಹಿಡಿಯುವ ಅಭ್ಯಾಸ ಆ ಪ್ರೇಕ್ಷಕರಿಗೆ ಐವತ್ತು ವರ್ಷದಿಂದ ಇತ್ತು. ಜೆಸ್ಸಿ ಅವರ ಕಣ್ಣಿಗೆ ಬೀಳದೆ ಹೋದಾನೆಯೇ?

ಬಿದ್ದ. ಆದರೆ ಥಿಯೇಟರಿನಲ್ಲಿ ಅಷ್ಟಲ್ಲ, ವಿಡಿಯೋ ಕ್ಯಾಸೆಟ್ಟಿನಲ್ಲಿ. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ನೋಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು, ರೆಕಾರ್ಡ್ ಮಾಡುವ ಯಂತ್ರ ತಯಾರಿಸುತ್ತಿದ್ದ ಸೋನಿ ಕಂಪನಿಯ ಪರ ತೀರ್ಪು ಕೊಟ್ಟಿತ್ತು. ವಿಸಿಆರ್ ಎಂಬ ಆ ಯಂತ್ರ ಬೀದಿಬೀದಿಯ ಮನೆ ಹೊಕ್ಕಿತು. ಕ್ಯಾಸೆಟ್ ಬಾಡಿಗೆ ಅಂಗಡಿಗಳು ಎದ್ದವು. ಈ ಚಿತ್ರಕ್ಕೆ ಇದ್ದದ್ದು ‘ಆರ್’ ದರ್ಜೆ, ಹದಿನೇಳು ತುಂಬದವರು ದೊಡ್ಡವರ ಜೊತೆ ಬರಬೇಕು. ಕ್ಯಾಸೆಟ್ಟಿಗೆ ಆ ತಡೆ ಎಲ್ಲಿಯದು? ನಮ್ಮಲ್ಲೂ ಆ ಕಾಲಕ್ಕೆ ರಾತ್ರಿಯ ಬಾಡಿಗೆಗೆ ಟಿವಿ, ವಿಸಿಪಿ ತಂದು ಬೆಳಗಾಗುವ ತನಕ ಸಿನಿಮಾ ನೋಡುತ್ತಿದ್ದೆವು, ನೆನಪಿದೆಯೇ? ಇಡೀ ಬೀದಿ ಜಮಾಯಿಸುತ್ತಿತ್ತು. ಅಮೆರಿಕದ ಸಣ್ಣ ಊರುಗಳ ಸಲಿಂಗಪ್ರೇಮಿ ಹುಡುಗರು ಜೆಸ್ಸಿಯನ್ನು ನೋಡಿದ್ದು ಒಬ್ಬೊಬ್ಬರೇ, ದನಿ ತಗ್ಗಿಸಿಕೊಂಡು. ಕುಣಿತದ ದೃಶ್ಯ ಬಂದಾಗ ರಿವೈಂಡ್ ಒತ್ತಿದರು. ಬಾರಿನ ದೃಶ್ಯದಲ್ಲಿ ಪಾಸ್ ಒತ್ತಿದರು. ಥಿಯೇಟರಿನಲ್ಲಿ ನಗುವ ಗುಂಪಿನ ನಡುವೆ ಈ ಸೌಲಭ್ಯ ಇರುವುದಿಲ್ಲ.

ಅದೇ ಕ್ಯಾಸೆಟ್ಟೇ ಅಪಹಾಸ್ಯಕ್ಕೂ ದಾರಿಯಾಯಿತು. ಮತ್ತೆ ಮತ್ತೆ ನೋಡಿದ ಹಾರರ್ ಅಭಿಮಾನಿಗಳು ಇದು ಸಲಿಂಗಿಗಳ ಸಿನಿಮಾ ಎಂದು ಪತ್ತೆಹಚ್ಚಿ, ಸರಣಿಯ ಕಳಂಕವೆಂಬಂತೆ ಆಡಿಕೊಂಡರು. ತಪ್ಪು ಯಾರದು ಎಂಬ ಪ್ರಶ್ನೆ ಎದ್ದಾಗ ಬೆರಳು ತೋರಿದ್ದು ನಟನ ಕಡೆಗೆ. ಶೋಲ್ಡರ್, ಚಿತ್ರ ಮಾಡುವಾಗ ನನಗೆ ಅದೊಂದೂ ಹೊಳೆಯಲೇ ಇಲ್ಲ ಎಂದರು. ಟವೆಲ್ ಏಟಿನ ದೃಶ್ಯವನ್ನು ನಿಂತು ಚಿತ್ರಿಸಿದವರಿಗೆ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ, ಆದರೂ ಇರಬಹುದು, ಬೆಳಗ್ಗೆಯಿಂದ ಸಂಜೆಯ ತನಕ ಲೈಟು, ಕ್ಯಾಮೆರಾ, ಬಜೆಟ್ಟು ನೋಡುವ ಮನುಷ್ಯನಿಗೆ ಮುಖ್ಯವಾದದ್ದೇ ಕಾಣದೆ ಹೋಗಬಹುದು. ಚಾಸ್ಕಿನ್ ಅವರ ಮಾತು ಮಾತ್ರ ಚುಚ್ಚುವಂಥದ್ದು. ನಾನು ಹಾಗೆ ಬರೆದಿರಲಿಲ್ಲ, ಪ್ಯಾಟನ್ ನಟಿಸಿದ ರೀತಿಯಿಂದ ಅದು ಹಾಗಾಯಿತು ಎಂಬ ಅರ್ಥದಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಬಾರು, ಮೇಷ್ಟ್ರು, ಸ್ನಾನದ ಕೋಣೆ, ಗೆಳೆಯನ ಮಲಗುವ ಕೋಣೆ, ಇವನ್ನೆಲ್ಲ ನಟ ಮನೆಯಿಂದ ತಂದದ್ದೇ?

ಪ್ಯಾಟನ್ ಹೊಸಬರೇನಲ್ಲ. 1982ರಲ್ಲಿ ರಾಬರ್ಟ್ ಆಲ್ಟ್‌ಮನ್ ನಿರ್ದೇಶನದಲ್ಲಿ, ಶೆರ್, ಸ್ಯಾಂಡಿ ಡೆನಿಸ್, ಕ್ಯಾರೆನ್ ಬ್ಲ್ಯಾಕ್ ಅವರ ಜೊತೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೂ, ಅದೇ ನಾಟಕದ ಸಿನಿಮಾದಲ್ಲೂ ನಟಿಸಿದ್ದರು. ಫ್ರೆಡ್ಡಿಯ ಚಿತ್ರದ ನಂತರ ಒಂದು ಟಿವಿ ಧಾರಾವಾಹಿಯಲ್ಲಿ ಸಲಿಂಗಪ್ರೇಮಿಯ ಪಾತ್ರ ಬಂತು. ಪಾತ್ರ ಮಾಡು, ಆದರೆ ಯಾರಾದರೂ ಕೇಳಿದರೆ ನೀನು ಅಂಥವನಲ್ಲ ಅಂತ ಹೇಳುತ್ತೀಯಲ್ಲ ಎಂದು ಅವರನ್ನು ವಿಚಾರಿಸಿದರಂತೆ. ಸುತ್ತಲ ಗೆಳೆಯರು ಒಬ್ಬೊಬ್ಬರಾಗಿ ಏಡ್ಸ್‌ಗೆ ಬಲಿಯಾಗುತ್ತಿದ್ದ ದಿನಗಳವು. ಪ್ಯಾಟನ್ ಎದ್ದು ಹೊರಟುಬಿಟ್ಟರು. ಅವರ ಸಂಗಾತಿ, ‘ಡಲ್ಲಾಸ್’ ಧಾರಾವಾಹಿಯ ನಟ ಟಿಮತಿ ಪ್ಯಾಟ್ರಿಕ್ ಮರ್ಫಿ, 1988ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡರು. ಪ್ಯಾಟನ್ ಒಳಾಂಗಣ ಅಲಂಕಾರದ ಕೆಲಸ ಹಿಡಿದರು. ಮುಂದೆ ಅವರಿಗೂ ಎಚ್‌ಐವಿ ಇರುವುದು ತಿಳಿಯಿತು, ಸಾವಿನ ಹೊಸ್ತಿಲು ಮುಟ್ಟಿ ಬಂದರು. ಔಷಧಿ ಕೈಹಿಡಿಯಿತು. ಮೆಕ್ಸಿಕೋದ ಪುಯೆರ್ಟೊ ವಲ್ಲಾರ್ಟಾ ಎಂಬ ಕಡಲ ತೀರದ ಊರಿಗೆ ಹೋಗಿ ನೆಲೆಸಿದರು, ಅಲ್ಲಿ ಮದುವೆಯಾದರು.

2010ರಲ್ಲಿ ಎಲ್ಮ್ ಸ್ಟ್ರೀಟ್ ಸರಣಿಯ ಮೇಲೆ ‘ನೆವರ್ ಸ್ಲೀಪ್ ಅಗೇನ್’ ಎಂಬ ನಾಲ್ಕು ಗಂಟೆಯ ಸಾಕ್ಷ್ಯಚಿತ್ರ ಬಂತು. ಅದನ್ನು ಮಾಡಿದವರು ಪ್ಯಾಟನ್ ಅವರನ್ನು ಹುಡುಕಿ ತಂದು ಕ್ಯಾಮೆರಾದ ಮುಂದೆ ಕೂರಿಸಿದರು. ಅದೇ ಚಿತ್ರದಲ್ಲಿ ಚಾಸ್ಕಿನ್ ಬಾಯಿಬಿಟ್ಟರು: ಹೌದು, ಬೇಕೆಂದೇ ಬರೆದೆ. ಇಪ್ಪತ್ತೈದು ವರ್ಷದ ಮೇಲೆ! ನನಗೆ ಕುತೂಹಲ ಹುಟ್ಟಿಸುವುದು ಇದು ಆದ ರೀತಿ. ಕೋರ್ಟಿನಲ್ಲಾಗಲಿ ಪತ್ರಿಕೆಯಲ್ಲಾಗಲಿ ಈ ಲೆಕ್ಕ ಚುಕ್ತಾ ಆಗಲಿಲ್ಲ. ಅಭಿಮಾನಿಗಳು ಮನೆಯಲ್ಲಿಟ್ಟುಕೊಳ್ಳಲು ಕೊಳ್ಳುವ ಡಿಸ್ಕಿನ ಮೇಲೆ ಆಯಿತು.

‘ಸ್ಕ್ರೀಮ್, ಕ್ವೀನ್!’ ಅಲ್ಲಿಂದ ಮುಂದಿನದು. ಪ್ಯಾಟನ್ ಹಾರರ್ ಅಭಿಮಾನಿಗಳ ಸಮಾವೇಶಗಳನ್ನು ಸುತ್ತುತ್ತಾರೆ, ಫೋಟೋಗಳಿಗೆ ಸಹಿ ಹಾಕುತ್ತಾರೆ. ಆ ಕ್ಯಾಸೆಟ್ ನೋಡಿ ಬೆಳೆದ ಹುಡುಗರು ಈಗ ನಡುವಯಸ್ಸಿನವರು, ಸರತಿಯಲ್ಲಿ ನಿಂತು ಬರುತ್ತಾರೆ. ಆದರೆ ಪ್ಯಾಟನ್‌ಗೆ ಬೇಕಾದದ್ದು ಅಭಿಮಾನವಷ್ಟೇ ಅಲ್ಲ. ಬರೆದವನು ಎದುರು ಕೂತು ಒಪ್ಪಿಕೊಳ್ಳಬೇಕು ಎಂಬ ಹಟ. ಚಿತ್ರದ ಕೊನೆಯ ಭಾಗದಲ್ಲಿ ಇಬ್ಬರೂ ಕೂರುತ್ತಾರೆ. ಎರಡು ಕುರ್ಚಿ, ಇಬ್ಬರು ವಯಸ್ಸಾದ ಗಂಡಸರು. ಏನು ಮಾತಾಯಿತು ಎಂದು ನಾನು ಹೇಳಿಬಿಟ್ಟರೆ ನೀವು ನೋಡುವುದು ವ್ಯರ್ಥ. ಸಿನಿಮಾಗಳಲ್ಲಿ ಆಗುವಂತೆ ಕಾಲಿಗೆ ಬಿದ್ದು ಕ್ಷಮೆ ಕೇಳುವ ದೃಶ್ಯ ಅಲ್ಲಿಲ್ಲ, ಅಷ್ಟು ತಿಳಿದಿರಲಿ.

ಸಾಕ್ಷ್ಯಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಮೊದಲ ಅರ್ಧದಲ್ಲಿ ಮಾತಾಡುವವರು ಬಹಳ, ಒಬ್ಬರ ಮಾತು ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಬ್ಬರು ಬರುತ್ತಾರೆ. ಪ್ಯಾಟನ್ ಅವರ ಪರವಾಗಿ ಎಷ್ಟು ವಾಲಿದೆಯೆಂದರೆ, ಪಾತ್ರವನ್ನು ಅಷ್ಟು ಧೈರ್ಯವಾಗಿ ಬರೆದ ಚಾಸ್ಕಿನ್‌ಗೆ ಸಲ್ಲಬೇಕಾದ ಮೆಚ್ಚುಗೆ ಪೂರ್ತಿ ಸಲ್ಲುವುದಿಲ್ಲ. ಬರೆದದ್ದು ತಪ್ಪಲ್ಲವಲ್ಲ, ಬರೆದು ಇನ್ನೊಬ್ಬರ ತಲೆಗೆ ಕಟ್ಟಿದ್ದು ತಪ್ಪು. ಇನ್ನು 1985ರ ಚಿತ್ರ, ನನ್ನ ಲೆಕ್ಕದಲ್ಲಿ ಸಾಧಾರಣ. ಈಜುಕೊಳದ ಪಾರ್ಟಿಗೆ ಫ್ರೆಡ್ಡಿ ಎಲ್ಲರೆದುರು ನುಗ್ಗುವ ದೃಶ್ಯದಲ್ಲಿ ಅವನ ಗಾಂಭೀರ್ಯವೆಲ್ಲ ನೀರುಪಾಲು. ಕನಸಿನಲ್ಲಿ ಬರುವವನು ಕನಸಿನಲ್ಲೇ ಬರಬೇಕು.

ಕೊನೆಗೆ ಒಂದು ವ್ಯವಹಾರದ ಮಾತು. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಬರುವಾಗ ಇಂಥ ಡಿಸ್ಕ್ ತರಲಿ ಎಂದು ಹೇಳುವವರಿದ್ದರೆ, ಮೊದಲು ನಿಮ್ಮ ಪ್ಲೇಯರ್ ನೋಡಿಕೊಳ್ಳಿ. ಡಿವಿಡಿಗೆ ಅಮೆರಿಕ ಒಂದನೆಯ ವಲಯ, ಭಾರತ ಐದನೆಯದು. ಬ್ಲೂ-ರೇಗೆ ಅವರದು ‘ಎ’, ನಮ್ಮದು ‘ಸಿ’. ವಲಯಕ್ಕೆ ಬೀಗ ಹಾಕಿದ ಡಿಸ್ಕಾದರೆ ಎಲ್ಲ ವಲಯಕ್ಕೂ ಒಗ್ಗುವ ಪ್ಲೇಯರ್ ಬೇಕು, ಇಲ್ಲದಿದ್ದರೆ ಅಷ್ಟು ದೂರದಿಂದ ಬಂದ ಡಿಸ್ಕ್ ಶೋಕೇಸಿಗೆ ಮಾತ್ರ. ಸ್ಟ್ರೀಮಿಂಗ್‌ನಲ್ಲಿ ಸಿಗುತ್ತದಲ್ಲ ಎನ್ನುವಿರಿ. ಇವತ್ತು ಇದ್ದದ್ದು ಒಪ್ಪಂದ ಮುಗಿದೊಡನೆ ಅಲ್ಲಿ ನಾಳೆ ಇರುವುದಿಲ್ಲ, ಅದಕ್ಕೇ ಡಿಸ್ಕಿನ ಮಾತು ಹೇಳಿದೆ. ಎರಡನ್ನೂ ನೋಡುವವರು 1985ರದನ್ನು ಮೊದಲು ನೋಡಿ, ಸಾಕ್ಷ್ಯಚಿತ್ರವನ್ನು ಆಮೇಲೆ, ಮಕ್ಕಳು ಮಲಗಿದ ಮೇಲೆ. ಎರಡೂ ಸೇರಿ ಮೂರು ಗಂಟೆ ಚಿಲ್ಲರೆ ಆಗುತ್ತದೆ, ಊಟ ಬೇಗ ಮುಗಿಸಿಕೊಳ್ಳಿ.

ನಮಸ್ಕಾರ.