ಕಪಾಟಿನಿಂದ ಎಷ್ಟು ಪುಸ್ತಕ ತೆಗೆದಿರಿ?

ಕೇಳುಗರಿಗೆ ನಮಸ್ಕಾರ.

ವೈದ್ಯಕೀಯ ಕಾಲೇಜಿನ ಗ್ರಂಥಾಲಯ ಹೇಗಿದೆ ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಪುಸ್ತಕಗಳ ಸಂಖ್ಯೆ. ಇಷ್ಟು ಸಾವಿರ ಗ್ರಂಥಗಳಿವೆ, ಇಷ್ಟು ನಿಯತಕಾಲಿಕೆಗಳು ಬರುತ್ತವೆ ಎನ್ನುತ್ತಾರೆ. ನಾನಾದರೆ ಬೇರೆಯೇ ಲೆಕ್ಕ ಕೇಳುತ್ತೇನೆ: ಕಳೆದ ವರ್ಷ ಹಳತಾದವೆಂದು ಕಪಾಟಿನಿಂದ ಎಷ್ಟು ಪುಸ್ತಕ ತೆಗೆದಿರಿ?

ಇದು ಉದ್ಧಟತನದ ಪ್ರಶ್ನೆಯಲ್ಲ. ಹೃದಯಸ್ತಂಭನವಾದ ವಯಸ್ಕರಿಗೆ 15 ಬಾರಿ ಎದೆಯನ್ನು ಒತ್ತಿ 2 ಬಾರಿ ಉಸಿರು ಕೊಡಬೇಕೆಂದು ಹಿಂದಿನ ಪುಸ್ತಕಗಳು ಕಲಿಸುತ್ತಿದ್ದವು. 2005ರ ಮಾರ್ಗಸೂಚಿಗಳಲ್ಲಿ ಅದು 30ಕ್ಕೆ 2 ಎಂದಾಯಿತು. ಒತ್ತುವುದನ್ನು ನಡುನಡುವೆ ನಿಲ್ಲಿಸಿದಷ್ಟೂ ಹೃದಯಕ್ಕೂ ಮಿದುಳಿಗೂ ಹೋಗುವ ರಕ್ತ ಕಡಿಮೆಯಾಗುತ್ತದೆ ಎಂಬುದು ಇದಕ್ಕೆ ಕಾರಣ. ಜಠರದ ಹುಣ್ಣಿನ ಕಥೆಯೂ ಹಾಗೆಯೇ. ಒತ್ತಡ, ಆಮ್ಲ ಎಂದು ದಶಕಗಳ ಕಾಲ ಬರೆಯಲಾಗಿತ್ತು. ಬಹುಪಾಲು ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹಳೆಯ ಆವೃತ್ತಿಗೆ ಇದಾವುದೂ ಗೊತ್ತಿಲ್ಲ. ಅದು ಹೊಸದರ ಪಕ್ಕದಲ್ಲೇ, ಅಷ್ಟೇ ಗಂಭೀರವಾಗಿ ನಿಂತಿರುತ್ತದೆ. ಹೊಸ ಪ್ರತಿಯನ್ನು ಬೇರೆ ಯಾರೋ ಒಯ್ದಿದ್ದರೆ ವಿದ್ಯಾರ್ಥಿಯ ಕೈಗೆ ಸಿಗುವುದು ಅದೇ.

ಹಾಗೆಂದು ಎಲ್ಲವನ್ನೂ ರದ್ದಿಗೆ ಹಾಕಬೇಕಾಗಿಲ್ಲ. ಅಂಗರಚನೆಯ ಪುಸ್ತಕ ನಿಧಾನವಾಗಿ ಹಳತಾಗುತ್ತದೆ, ಔಷಧ ಮತ್ತು ಚಿಕಿತ್ಸೆಯ ಪುಸ್ತಕ ಬೇಗ. ಮುಪ್ಪಾದವುಗಳಿಗೆ ವೈದ್ಯಕೀಯ ಇತಿಹಾಸದ ಕೋಣೆಯೊಂದು ಇರಲಿ, ಓದುವ ಕಪಾಟಿನಲ್ಲಿ ಮಾತ್ರ ಬೇಡ. ಆದರೆ ಲೆಕ್ಕಪತ್ರದ ಹೆದರಿಕೆ ಗ್ರಂಥಪಾಲಕರ ಕೈ ಕಟ್ಟಿಹಾಕುತ್ತದೆ. ಕಳೆದುಹೋದ ಪುಸ್ತಕಕ್ಕೆ ಉತ್ತರ ಕೊಡಬೇಕು, ತಪ್ಪು ಕಲಿಸುವ ಪುಸ್ತಕಕ್ಕೆ ಯಾರೂ ಉತ್ತರ ಕೇಳುವುದಿಲ್ಲ!

ಇನ್ನು, ಕಲಿಕೆಯ ಸಾಮಗ್ರಿ ಎಂದರೆ ಬರೀ ಪುಸ್ತಕವಲ್ಲ. ಪುಸ್ತಕದ ಹಾಗೆಯೇ ಎರವಲು ಸಿಗುವ ಮೂಳೆಗಳ ಪೆಟ್ಟಿಗೆ ಇರಬೇಕು. ಹೆಗಲ ಹಿಂಭಾಗದ ಆ ಚಪ್ಪಟೆ, ತ್ರಿಕೋನಾಕಾರದ ಮೂಳೆಯನ್ನು ಕೈಗೆತ್ತಿಕೊಳ್ಳಿ. ಉಬ್ಬಿದ ಏಣು ಹಿಂದಕ್ಕೆ ಬರಲಿ, ಚೂಪಾದ ಮೂಲೆ ಕೆಳಗಿರಲಿ. ಈಗ ತೋಳಿನ ಮೂಳೆ ಕೂರುವ ಆಳವಿಲ್ಲದ ಗುಳಿ ನಿಮ್ಮ ಯಾವ ಬದಿಗೆ ತಿರುಗಿದೆಯೋ ಮೂಳೆ ಆ ಬದಿಯದು. ಚಿತ್ರದಲ್ಲಿ ಹತ್ತು ಸಲ ನೋಡಿಯೂ ಗೊಂದಲವಾಗುವುದು ಕೈಯಲ್ಲಿ ಒಮ್ಮೆ ತಿರುಗಿಸಿದರೆ ತಿಳಿಯುತ್ತದೆ. ಇದಕ್ಕೆ ಅಸಲಿ ಮೂಳೆಯೇ ಬೇಕೆಂದಿಲ್ಲ, ಒಳ್ಳೆಯ ಪ್ಲಾಸ್ಟಿಕ್ ಮಾದರಿಯೂ ಸಾಕು.

ಮಾತನಾಡಲು ಬಿಡುವ ಒಂದೆರಡು ಕೋಣೆಗಳೂ ಬೇಕು. ಓದಿದ್ದನ್ನೇ ಮತ್ತೆ ಓದುವವರಿಗಿಂತ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ ವಾರದ ನಂತರವೂ ಹೆಚ್ಚು ನೆನಪಿರುತ್ತದೆ ಎಂದು 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ತೋರಿಸಿದರು. ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಾ ಕಲಿಯುವವರಿಗೆ ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಜಾಗವಿಲ್ಲ.

ಅಂತರ್ಜಾಲವಿದೆಯಲ್ಲ, ಗ್ರಂಥಾಲಯವೇಕೆ ಎನ್ನುವವರಿಗೆ ಒಂದು ಮಾತು. ಪಬ್‌ಮೆಡ್ ಎಂಬ ಜಾಲತಾಣದಲ್ಲಿ ಕೋಟಿಗಟ್ಟಲೆ ವೈದ್ಯಕೀಯ ಲೇಖನಗಳ ವಿವರ ಉಚಿತವಾಗಿ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಸೂಚಿ. ಬಹಳಷ್ಟು ಲೇಖನಗಳ ಸಾರಾಂಶ ಮಾತ್ರ ಕಾಣುತ್ತದೆ, ಪೂರ್ಣ ಪಾಠಕ್ಕೆ ಪ್ರಕಾಶಕರು ಹಣ ಕೇಳುತ್ತಾರೆ. ಆಗ ವಿದ್ಯಾರ್ಥಿ ಸಾರಾಂಶದ ಕೊನೆಯ ವಾಕ್ಯವನ್ನೇ ಸತ್ಯವೆಂದುಕೊಂಡು ಎದ್ದುಬಿಡುತ್ತಾನೆ. ಉಚಿತ ಪೂರ್ಣಪಾಠಗಳ ಭಂಡಾರವಾದ ಪಬ್‌ಮೆಡ್ ಸೆಂಟ್ರಲ್ 2000ದಿಂದಲೇ ಇದೆ. ಬಡ ದೇಶಗಳ ಸಂಸ್ಥೆಗಳಿಗೆ ನಿಯತಕಾಲಿಕೆಗಳನ್ನು ಉಚಿತವಾಗಿ ಅಥವಾ ಕಡಿಮೆ ದರಕ್ಕೆ ಒದಗಿಸುವ ವಿಶ್ವ ಆರೋಗ್ಯ ಸಂಸ್ಥೆಯ ಹಿನಾರಿ ಯೋಜನೆ 2002ರಲ್ಲಿ ಶುರುವಾಗಿದೆ. ಇವನ್ನೆಲ್ಲ ಹೇಳಿಕೊಡುವವರು ಯಾರು?

ಗ್ರಂಥಪಾಲಕರು. ಪುಸ್ತಕಕ್ಕೆ ಮುದ್ರೆ ಒತ್ತುವ, ದಂಡ ವಸೂಲು ಮಾಡುವ ಕೆಲಸಕ್ಕೇ ಅವರನ್ನು ಕಟ್ಟಿಹಾಕುವುದು ದೊಡ್ಡ ನಷ್ಟ. ರೋಗಿ ಯಾರು, ಕೊಡುವ ಚಿಕಿತ್ಸೆ ಯಾವುದು, ಯಾವುದರ ಜೊತೆ ಹೋಲಿಕೆ, ಯಾವ ಫಲ ನೋಡಬೇಕು ಎಂದು ಪ್ರಶ್ನೆಯನ್ನು ಬಿಡಿಸಿಕೊಳ್ಳುವ ವಿಧಾನವನ್ನು ಅವರು ಮೊದಲ ವರ್ಷದಲ್ಲೇ ಕಲಿಸಬಲ್ಲರು. ಅಮೆರಿಕದಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬ ಗ್ರಂಥಪಾಲಕಿ 1970ರ ದಶಕದ ಆರಂಭದಲ್ಲೇ ಗ್ರಂಥಪಾಲಕರನ್ನು ವೈದ್ಯರ ಜೊತೆ ವಾರ್ಡ್ ಸುತ್ತಿಗೆ ಕಳಿಸಿದರು. ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಪ್ರಶ್ನೆಯನ್ನು ಅವರು ಅಲ್ಲಿಯೇ ಬರೆದುಕೊಂಡು, ಉತ್ತರವಿರುವ ಲೇಖನಗಳನ್ನು ಹುಡುಕಿ ತಂದುಕೊಡುತ್ತಿದ್ದರು. ಇದನ್ನು ಶುರುಮಾಡಲು ಹೊಸ ಕಟ್ಟಡ ಬೇಕಿಲ್ಲ. ವಾರಕ್ಕೊಂದು ದಿನ, ಒಂದೇ ವಾರ್ಡ್‌ನಿಂದ ಶುರುಮಾಡಬಹುದು.

ನಮಸ್ಕಾರ.