ಸೈನಿಕನ ಬಟ್ಟೆಗೆ ಆ ಬಣ್ಣ ಯಾಕೆ?

ಎಲ್ಲರಿಗೂ ನಮಸ್ಕಾರ.

ಹಿಂದಿನ ಕಾಲದ ಗ್ರೀಸಿನಲ್ಲಿ ಸ್ಪಾರ್ಟಾ ಎಂಬ ನಗರದ ಯೋಧರು ಕೆಂಪು ಬಟ್ಟೆ ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದರು. ಕೆಂಪೇ ಯಾಕೆ ಅಂತ ಕೇಳಿ ನೋಡಿ. ಗಾಯವಾದರೆ ರಕ್ತ ಕಾಣಬಾರದು ಅಂತ, ಎನ್ನುತ್ತಾರೆ ಜನ. ನಾನೂ ಬಹಳ ದಿನ ಹಾಗೇ ನಂಬಿದ್ದೆ.

ಆದರೆ ಸ್ಪಾರ್ಟಾದವರನ್ನು ಹತ್ತಿರದಿಂದ ಕಂಡಿದ್ದ ಗ್ರೀಕ್ ಬರಹಗಾರ ಕ್ಸೆನೊಫನ್ ಕ್ರಿ.ಪೂ. 4ನೇ ಶತಮಾನದಲ್ಲಿ ಕೊಡುವ ಕಾರಣವೇ ಬೇರೆ. ಕೆಂಪು ಹೆಂಗಸರ ಉಡುಪನ್ನು ಸ್ವಲ್ಪವೂ ಹೋಲುವುದಿಲ್ಲ, ಯುದ್ಧಕ್ಕೆ ಚೆನ್ನಾಗಿ ಒಪ್ಪುತ್ತದೆ, ಅಷ್ಟೇ. ಗಾಯ ಮುಚ್ಚುವ ಮಾತು ಸಿಗುವುದು ಪ್ಲುಟಾರ್ಕನಂಥ ರೋಮನ್ ಕಾಲದ ಬರಹಗಾರರಲ್ಲಿ, 400 ವರ್ಷಕ್ಕೂ ಮೇಲೆ. ಅಷ್ಟೊತ್ತಿಗೆ ಸ್ಪಾರ್ಟಾ ರೋಮನ್ ಸಾಮ್ರಾಜ್ಯದೊಳಗಿನ ಒಂದು ಊರು. ಹೆದರಿಸುವ ಸೈನ್ಯ ಇರಲಿಲ್ಲ, ಅದರ ಕಥೆ ಮಾತ್ರ ಇತ್ತು. ಬಣ್ಣಕ್ಕೆ ಅರ್ಥ ಕೊಡುವವರು ತೊಟ್ಟವರಿಗಿಂತ ನೋಡಿದವರು, ಆಮೇಲೆ ನೆನೆದವರೇ ಜಾಸ್ತಿ ಅಂತ ನನಗೆ ಅನಿಸುವುದು ಇಲ್ಲೇ.

ಗ್ರೀಸಿನದೇ ಇನ್ನೊಂದು ನಗರ ಅಥೆನ್ಸ್. ಅಲ್ಲಿಯವರು ನೆನಪಿಟ್ಟ ಕೆಂಪು ಇನ್ನೊಂದು. ಕ್ರಿ.ಪೂ. 464ರ ಸುಮಾರಿಗೆ ಸ್ಪಾರ್ಟಾದಲ್ಲಿ ದೊಡ್ಡ ಭೂಕಂಪವಾಯಿತು. ಜೀತದಾಳುಗಳು ದಂಗೆ ಎದ್ದರು. ಆಗ ಸ್ಪಾರ್ಟಾದ ದೂತನೊಬ್ಬ ಅಥೆನ್ಸಿಗೆ ಬಂದು ಸೈನ್ಯ ಕೊಡಿ ಅಂತ ಬೇಡಿಕೊಂಡ. ಕೆಂಪು ಹೊದಿಕೆ, ಬಿಳಿಚಿಕೊಂಡ ಮುಖ. ಅರಿಸ್ಟೊಫನೀಸ್ ಅರ್ಧ ಶತಮಾನ ಕಳೆದ ಮೇಲೂ ತನ್ನ ನಾಟಕದಲ್ಲಿ ಈ ಚಿತ್ರವನ್ನು ನೆನಪಿಸುತ್ತಾನೆ. ಅದೇ ಬಟ್ಟೆ, ಆದರೆ ಧೈರ್ಯದ ಗುರುತು ಎಲ್ಲಿ ಹೋಯಿತು?

ರೋಮಿಗೆ ಬಂದರೆ ಕೆಂಪು ಹೊದಿಕೆ ಸೇನಾಪತಿಯ ಗುರುತು. ಕ್ರಿ.ಪೂ. 52ರಲ್ಲಿ ಈಗಿನ ಫ್ರಾನ್ಸಿನ ಅಲೇಶಿಯಾದ ಕೊನೆಯ ಕಾಳಗದಲ್ಲಿ ರೋಮಿನ ಸೇನಾಪತಿ ಸೀಸರ್ ಬಂದದ್ದು ಅವನ ಉಡುಪಿನ ಬಣ್ಣದಿಂದಲೇ ಗೊತ್ತಾಯಿತಂತೆ. ಅದರ ಹಿಂದಿನ ವರ್ಷ ಈಗಿನ ಇರಾನಿನ ಕಡೆಯ ಪಾರ್ಥಿಯನ್ನರ ಎದುರು ಸೋತು ಸತ್ತ ರೋಮಿನ ಇನ್ನೊಬ್ಬ ಸೇನಾಪತಿ ಕ್ರಾಸಸ್, ಕಾಳಗದ ದಿನ ಕೆಂಪಿನ ಬದಲು ಕಪ್ಪು ಹೊದ್ದು ಹೊರಬಂದಿದ್ದನಂತೆ. ಗೊತ್ತಾದ ಕೂಡಲೇ ಬದಲಾಯಿಸಿದ. ಆದರೂ ಜನ ಅದನ್ನು ಅಪಶಕುನ ಅಂತಲೇ ನೆನಪಿಟ್ಟರು. ಗೆದ್ದಿದ್ದರೆ ಆ ಕಪ್ಪು ಯಾರಿಗೆ ನೆನಪಿರುತ್ತಿತ್ತು?

ಇನ್ನು ನೇರಳೆ. ಇದನ್ನು ಸಮುದ್ರದ ಬಸವನಹುಳುವಿನಿಂದ ತೆಗೆಯುತ್ತಿದ್ದರು. 1909ರಲ್ಲಿ ಒಬ್ಬ ರಸಾಯನ ವಿಜ್ಞಾನಿ 12,000 ಹುಳುಗಳಿಂದ ಬಣ್ಣ ತೆಗೆದು ನೋಡಿದರು. ಸಿಕ್ಕಿದ್ದು 1.4 ಗ್ರಾಂ. ಇಷ್ಟು ದುಬಾರಿ ಬಣ್ಣ ಕೊನೆಗೆ ಚಕ್ರವರ್ತಿಯ ಸ್ವತ್ತಾಯಿತು. ಬೇರೆಯವರು ತೊಟ್ಟರೆ ದ್ರೋಹ.

ಕ್ರಿ.ಶ. 355ರಲ್ಲಿ ಸಿಲ್ವಾನಸ್ ಎಂಬ ಸೇನಾಪತಿ ಈಗಿನ ಜರ್ಮನಿಯ ಕಲೋನಿನಲ್ಲಿದ್ದ. ಅವನ ಹೆಸರಲ್ಲಿ ಕಳ್ಳ ಪತ್ರ ಬರೆದು ಅರಮನೆಯಲ್ಲಿ ಅವನ ಮೇಲೆ ದ್ರೋಹದ ಆರೋಪ ಹೊರಿಸಿದರು. ಹೇಗೂ ತಲೆ ಉಳಿಯುವುದಿಲ್ಲ ಅನಿಸಿ, ತಾನೇ ಚಕ್ರವರ್ತಿ ಅಂತ ಸಾರಿಕೊಂಡ. ಆದರೆ ನೇರಳೆ ಬಟ್ಟೆ ಎಲ್ಲಿಂದ ತರಬೇಕು? ಸೈನ್ಯದ ಬಾವುಟಗಳಲ್ಲಿದ್ದ ನೇರಳೆ ಬಟ್ಟೆಯನ್ನೇ ಕಿತ್ತು ಮೈಗೆ ಸುತ್ತಿಕೊಂಡ. 28 ದಿನಕ್ಕೆ ಅವನನ್ನು ಕೊಂದರು. ಇದನ್ನು ಓದುವಾಗಲೆಲ್ಲ ಪಾಪ ಅನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎದ್ದು ಕಾಣಬೇಕಾದ ಬಣ್ಣಗಳು, ಅಲ್ವಾ? ಅದೇ ರೋಮನ್ ಲೋಕದಲ್ಲಿ ಉಲ್ಟಾ ಲೆಕ್ಕವೂ ಇತ್ತು. ಸೈನ್ಯದ ಬಗ್ಗೆ ಬರೆದ ವೆಜಿಟಿಯಸ್ ಬೇಹಿನ ದೋಣಿಗಳ ವಿಷಯ ಹೇಳುತ್ತಾನೆ. ಹಾಯಿಗೂ ಹಗ್ಗಕ್ಕೂ ಕಡಲಿನ ನೀಲಿ ಬಣ್ಣ. ದೋಣಿಗೆ ಬಳಿಯುವ ಮೇಣವೂ ನೀಲಿ. ನಾವಿಕರು, ಸೈನಿಕರು ತೊಡುವುದೂ ನೀಲಿ. ರಾತ್ರಿ ಮಾತ್ರವಲ್ಲ, ಹಾಡುಹಗಲಲ್ಲೂ ಯಾರ ಕಣ್ಣಿಗೂ ಬೀಳಬಾರದು ಅಂತ.