ಹೆಂಚಿನ ಒಳಮೈಯಲ್ಲಿದ್ದ ಇಸವಿ

ಈಗ ನೀವು ನೋಡುತ್ತಿರುವ ಈ ಉದ್ದನೆಯ ಕಟ್ಟಡ ಕರಾವಳಿಯ ನಮ್ಮ ಸಣ್ಣ ಪೇಟೆಯ ಹಳೆಯ ಪ್ರಾಥಮಿಕ ಶಾಲೆ. ಹಿಂದೊಮ್ಮೆ ಇದೇ ಜಗಲಿಯಲ್ಲಿ ನಿಂತು, ಇದು 1865ರ ಕಟ್ಟಡವೆಂದು ನಾನು ಬಹಳ ಜಂಬದಿಂದ ಹೇಳಿದ್ದೆ. ಆ ಮಾತು ತಪ್ಪು. ಮಾಡಿನ, ಅಂದರೆ ಛಾವಣಿಯ, ರಿಪೇರಿಗೆಂದು ಇಳಿಸಿದ್ದ ಹೆಂಚೊಂದರ ಒಳಮೈಯಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಹೆಸರಿನೊಂದಿಗೆ ಆ ಇಸವಿಯೂ ಅಚ್ಚಾಗಿದ್ದುದನ್ನು ಕಂಡು ಹಾಗೆ ನಂಬಿದ್ದೆ. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಪಕ್ಕದ ಸಾಲಿನಲ್ಲಿ ಆಲ್ಬುಕರ್ಕ್ ಕಾರ್ಖಾನೆಯ ಹೆಂಚುಗಳಿವೆ. ಅವುಗಳ ಮೇಲಿನ 1868 ಕೂಡ ಹಾಗೆಯೇ.

ಅದಕ್ಕೂ ಮೊದಲು ಇಲ್ಲಿನ ಮಾಡುಗಳಿಗೆ ಮುಳಿಹುಲ್ಲು ಇಲ್ಲವೇ ಅರ್ಧ ಕೊಳವೆಯಂಥ ನಾಡಹೆಂಚು ಗತಿಯಾಗಿತ್ತು. ನಾಡಹೆಂಚನ್ನು ಒಂದರ ಮೇಲೊಂದು ಸುಮ್ಮನೆ ಹೊದಿಸುವುದರಿಂದ ಗಾಳಿಗೂ ಮಂಗಗಳಿಗೂ ಅದು ಜರುಗುತ್ತಿತ್ತು. ಪ್ರತಿ ಮಳೆಗಾಲಕ್ಕೆ ಮೊದಲು ಕೈಯಾಡಿಸಲೇಬೇಕಿತ್ತು. ಈ ಕಾರ್ಖಾನೆಗಳ ಮಂಗಳೂರು ಹೆಂಚಿನ ಅಂಚಿನ ಗೀರುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಹಿಂಬದಿಯ ಉಬ್ಬು ಮಾಡಿನ ರೀಪಿಗೆ, ಅಂದರೆ ಮರದ ಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಹೊದಿಸುವ ಭಾಗ ಕಡಿಮೆಯಾದ್ದರಿಂದ ಮಾಡಿನ ಭಾರವೂ ಇಳಿಯಿತು, ನಡುವೆ ಒಂದು ಕಂಬವೂ ಇಲ್ಲದ ಇಂಥ ಅಗಲವಾದ ತರಗತಿಯನ್ನು ಕಟ್ಟುವುದು ಸುಲಭವಾಯಿತು. ಗೋಡೆಗೆ ಬಳಸಿರುವುದು ಮುರಕಲ್ಲು: ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು. ಗೋಡೆಗೂ ಮಾಡಿಗೂ ನಡುವೆ ಬಿಟ್ಟಿರುವ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತದೆ. ಅಲ್ಲಲ್ಲಿ ಕೂರಿಸಿರುವ ಗಾಜಿನ ಹೆಂಚಿನಿಂದ ಬೆಳಕು ನೇರವಾಗಿ ಮಣೆಬೆಂಚಿನ ಮೇಲೆ ಬೀಳುತ್ತದೆ.

ಹಾಗಾದರೆ ಶಾಲೆಯ ವಯಸ್ಸನ್ನು ಹೆಂಚಿನಿಂದ ತಿಳಿಯಲು ಸಾಧ್ಯವೇ ಇಲ್ಲವೆಂದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, ಮಿಷನ್ನಿಗೆ ಜರ್ಮನರ ನಂಟಿದೆಯೆಂದು ಬ್ರಿಟಿಷ್ ಸರ್ಕಾರ ಅದರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಮುಂದೆ ಅವು ಬ್ರಿಟಿಷರ ಸಂಸ್ಥೆಯಾದ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಆದ್ದರಿಂದ ಮಿಷನ್ನಿನ ಹೆಸರು ಹೊತ್ತ ಹೆಂಚು ಸಾಮಾನ್ಯವಾಗಿ ಆ ಯುದ್ಧಕ್ಕಿಂತ ಹಳೆಯದು. ಆದರೆ ಬಿದ್ದುಹೋದ ಯಾರದೋ ಮನೆಯ ಹೆಂಚನ್ನು ತಂದು ಹೊದಿಸುವುದು ನಮ್ಮೂರಿನಲ್ಲಿ ಹೊಸತೇನಲ್ಲ. ಹಾಗಾಗಿ ಒಂದೆರಡು ಹೆಂಚು ನೋಡಿ ತೀರ್ಪು ಕೊಡುವಂತಿಲ್ಲ, ಇಡೀ ಮಾಡನ್ನು ನೋಡಬೇಕು.

ಕ್ಯಾಮೆರಾ ಈಗ ಪಡುವಣ ಇಳಿಜಾರಿನತ್ತ ಹೋಗುತ್ತಿದೆ. ಕಡಲಿನ ಕಡೆಯ ಮಳೆಗಾಳಿ ಮೊದಲು ಬಡಿಯುವುದು ಇಲ್ಲಿಗೆ, ಹೀಗಾಗಿ ಇಲ್ಲಿನ ಹೆಂಚುಗಳಲ್ಲಿ ಹೆಚ್ಚಿನವು ಹೊಸವು. ಮೂಡಣ ಬದಿಯಲ್ಲಿ ಮಾತ್ರ ಸಾಲಿಗೆ ಸಾಲೇ ಮಿಷನ್ನಿನ ಹೆಂಚುಗಳು ಕದಲದೆ ಉಳಿದಿವೆ. ಹಿಂಬದಿಗೆ ಆಮೇಲೆ ಸೇರಿಸಿದ ಕೋಣೆಗೆ ತಗಡಿನ ಶೀಟು ಹಾಕಿದ್ದಾರೆ; ಜೋರು ಮಳೆ ಬಂತೆಂದರೆ ಅಲ್ಲಿ ಟೀಚರ ದನಿ ಕೇಳಿಸದು, ಆಗ ಮಕ್ಕಳು ಪುಸ್ತಕ ಹಿಡಿದುಕೊಂಡು ಈ ಹಳೆಯ ಮಾಡಿನಡಿಗೆ ಬಂದು ಕೂರುತ್ತಾರೆ.